ಅರಮನೆ ಮೈದಾನದ ಕೆಸರು: ಒಂದು ರಸವಿಚಾರ

ರಾಕ್ ಕಛೇರಿಗೆ ಹೋಗಿಬಂದವರ ನೆನಪಿನಲ್ಲಿ ಸಂಗೀತಕ್ಕಿಂತ ಸಂಕಟಕ್ಕೇ ಹೆಚ್ಚು ಜಾಗವಿರುತ್ತದೆ ಎಂಬುದಕ್ಕೆ ಬೆಂಗಳೂರಿನ ಇಬ್ಬರು ರಸಿಕರ ವಾಗ್ವಾದವೇ ಸಾಕ್ಷಿ. ಅವರಲ್ಲಿ ಹಿರಿಯರು 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಐರನ್ ಮೇಡನ್ ತಂಡವನ್ನು ಕೇಳಿದವರು, ಕಿರಿಯರು 2011ರ ಅಕ್ಟೋಬರ್ 30ರಂದು ಅಲ್ಲಿಯೇ ಮೆಟಾಲಿಕಾವನ್ನು ಕೇಳಿದವರು.

ಹಿರಿಯರು: ಮೇಡನ್ ಬಂದುಹೋದ ಮೇಲೆ ಬಂದವರೆಲ್ಲ ಸವೆದ ದಾರಿಯಲ್ಲಿ ನಡೆದವರು.

ಕಿರಿಯರು: ಕೆಸರು ಮೆಟ್ಟದವರ ಮಾತಿಗೆ ಪ್ರಮಾಣವೆಲ್ಲಿ ಸಾರ್? ಮಳೆಗೆ ಮೈದಾನ ಗದ್ದೆಯಾಗಿ, ಮಾಶ್ ಪಿಟ್ಟಿನಲ್ಲಿ, ಅಂದರೆ ವೇದಿಕೆಯೆದುರು ಕೇಳುಗರು ಪರಸ್ಪರ ಡಿಕ್ಕಿ ಹೊಡೆದುಕೊಂಡೇ ಆನಂದಪಡುವ ಜಾಗದಲ್ಲಿ, ಎಡಗಾಲಿನ ಶೂ ಹೂತೇಹೋಯಿತು.

ಹಿರಿಯರು: ಹಾಡು?

ಕಿರಿಯರು: ಅದು ಮುಂದಿದ್ದವರ ಮೊಬೈಲಿನಲ್ಲಿ ಸಣ್ಣಗೆ ಕಾಣುತ್ತಿತ್ತು.

ಅತಿ ಕೆಟ್ಟ ಕಛೇರಿಯ ಪ್ರಶ್ನೆ ಬಂದಾಗ, ಬೆಂಗಳೂರಿನ ಕಛೇರಿಗೆ ಎರಡು ದಿನ ಮೊದಲು ಗುರಗಾಂವದಲ್ಲಿ ನಡೆಯಬೇಕಿದ್ದ ಮೆಟಾಲಿಕಾ ಕಾರ್ಯಕ್ರಮ ಕೊನೆಗಳಿಗೆಯಲ್ಲಿ ನಿಂತು, ರೊಚ್ಚಿಗೆದ್ದ ಜನ ವೇದಿಕೆಗೇ ನುಗ್ಗಿದ್ದನ್ನು ಕಿರಿಯರು ಮುಂದಿಟ್ಟರು.

ಹಿರಿಯರು: ಒಂದು ಸ್ವರವೂ ನುಡಿಯದ್ದನ್ನು ಕೆಟ್ಟದ್ದೆನ್ನುವುದು ಹೇಗೆ? ಅಪಸ್ವರವೇ ಇಲ್ಲದ ರಾಕ್ ಕಛೇರಿ ಅದೊಂದೇ.

ವಿಮರ್ಶೆಯಲ್ಲಿ ಇಂಥ ಸೂಕ್ಷ್ಮಕ್ಕೆ ಬೆಲೆಯಿದೆ. ಆದರೂ ಇಬ್ಬರೂ ತಕರಾರಿಲ್ಲದೆ ಒಪ್ಪಿದ ಅಂಶವೆಂದರೆ, ಎರಡೂ ರಾತ್ರಿ ಮೇಖ್ರಿ ಸರ್ಕಲ್ಲಿನಲ್ಲಿ ಆಟೋದವರು ಡಬಲ್ ಮೀಟರ್ ಕೇಳಿದ್ದು, ಕಿರಿಯರ ಕೆಸರು ಕಂಡ ಮೇಲಂತೂ ಅದಕ್ಕೂ ಒಲ್ಲೆನೆಂದದ್ದು.