“ಮಧ್ಯೆ ಬಾಯಿ ಹಾಕಿದ್ದು ಯಾರು?”

(ಉದ್ಧರಣ ಚಿಹ್ನೆಯವರೊಂದಿಗೆ ಒಂದು ಕಾಲ್ಪನಿಕ ಸಂದರ್ಶನ)

ಕಥಾಸ್ಪರ್ಧೆಗೆ ಬಂದ ಹಸ್ತಪ್ರತಿಗಳ ರಾಶಿಯಲ್ಲಿ, ಮೈತುಂಬ ಕೆಂಪು ಶಾಯಿ ಮೆತ್ತಿಕೊಂಡು ಕೂತಿದ್ದರು. ಮಾತಿಗೆ ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ತಮ್ಮ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಬಾರದು. ರಜೆಯಲ್ಲೂ ಅದೇ ಕೆಲಸವೇ ಎಂಬುದು ಅವರ ತಕರಾರು.

ಪ್ರಶ್ನೆ: ಯಾಕೆ ಸ್ವಾಮಿ, ಇಷ್ಟು ಸುಸ್ತು?

ಉತ್ತರ: ನಿನ್ನೆ ಒಬ್ಬರು ಮೂರನೇ ಪುಟದಲ್ಲಿ ನನ್ನನ್ನು ತೆರೆದು, ಮುಚ್ಚುವುದನ್ನೇ ಮರೆತರು. ನಾಯಕಿ ‘ನಾನು ಬರಲ್ಲ’ ಅಂದು ಸುಮ್ಮನಾಗಬೇಕಿತ್ತು. ಪಾಪ, ಹೊರಗಿನ ಮಳೆ, ಪಕ್ಕದ ಮನೆ ನಾಯಿ, ಮಾವನ ಕೆಮ್ಮು ಎಲ್ಲವನ್ನೂ ಅವಳೇ ಮಾತಾಡಿ ಮುಗಿಸಿದಳು.

ಪ್ರಶ್ನೆ: ನೀವು ಬರುವ ಮುಂಚೆ ಕನ್ನಡದ ಕಥೆಗಳಲ್ಲಿ ಯಾರೂ ಮಾತಾಡುತ್ತಿರಲಿಲ್ಲವೇ?

ಉತ್ತರ: ಚೆನ್ನಾಗಿಯೇ ಮಾತಾಡುತ್ತಿದ್ದರು. ಸಾವಿರ ವರ್ಷ ಹಳೆಯ ‘ವಡ್ಡಾರಾಧನೆ’ಯ ಗದ್ಯಕ್ಕೆ ನನ್ನ ಹಂಗಿಲ್ಲ. ಮಾತು ಮೊದಲು, ‘ಎಂದು’ ಆಮೇಲೆ, ಕ್ರಿಯಾಪದ ಕೊನೆಗೆ. ಆ ಎರಡಕ್ಷರವೇ ಮಾತಿಗೆ ಬೀಗ. ನಾನು ಅಚ್ಚುಮೊಳೆಗಳ ಕಾಲದಲ್ಲಿ ಇಂಗ್ಲಿಷ್ ಕಡೆಯಿಂದ ಬಂದವನು. ಮನೆಯಳಿಯ ಅನ್ನಿ.

ಪ್ರಶ್ನೆ: ಅಳಿಯನಿಗೆ ಏನು ಕಷ್ಟ?

ಉತ್ತರ: ಪಾತ್ರ ಮಾತಾಡುವಾಗ ಕಥೆಗಾರ ಮಧ್ಯೆ ಬಾಯಿ ಹಾಕುತ್ತಾನಲ್ಲ, ಅದೇ ಕಷ್ಟ. ನೋಡಿ:

“ನಾಳೆ,” ಎಂದರು ಅತ್ತೆ, “ಊರಿಗೆ ಹೋಗ್ತೀನಿ.”

ವಾಕ್ಯ ಒಂದೇ, ನಡುವೆ ಸೀಳಿದೆ. ಅದಕ್ಕೇ ಅತ್ತೆಯ ಮುಂದೆ ಅಲ್ಪವಿರಾಮ. ಈಗ ಇದು:

“ನಾಳೆ ಊರಿಗೆ ಹೋಗ್ತೀನಿ,” ಎಂದರು ಅತ್ತೆ. “ಹಾಲಿನವನಿಗೆ ಹೇಳಮ್ಮ.”

ಮಾತು ಎರಡು. ಅತ್ತೆಯ ಮುಂದೆ ಪೂರ್ಣವಿರಾಮ.

ಪ್ರಶ್ನೆ: ಒಂದು ಚುಕ್ಕೆಗೆ ಇಷ್ಟು ರಂಪವೇ?

ಉತ್ತರ: ಇಂಗ್ಲಿಷಿನವರಿಗೆ ದೊಡ್ಡಕ್ಷರ ಇದೆ. ಮತ್ತೆ ಶುರುವಾದದ್ದು ಹೊಸ ವಾಕ್ಯವೋ ಹಳೆಯದರ ಬಾಲವೋ ಎಂದು ಮೊದಲ ಅಕ್ಷರವೇ ಸಾರುತ್ತದೆ. ನಮ್ಮ ಅಕ್ಷರಗಳಲ್ಲಿ ದೊಡ್ಡವರು ಚಿಕ್ಕವರು ಇಲ್ಲ, ಸಂತೋಷ. ಆದರೆ ಹೊರೆಯೆಲ್ಲ ಆ ಚುಕ್ಕೆಯ ತಲೆ ಮೇಲೆ ಬಿತ್ತು.

ಪ್ರಶ್ನೆ: ‘ಎಂದು’ ಇರುವಾಗ ಅದರ ಹಿಂದೆ ಅಲ್ಪವಿರಾಮ ಬೇಕೇ?

ಉತ್ತರ: ಬೀಗ ಹಾಕಿದ ಮೇಲೆ ಚಿಲಕ ಯಾಕೆ? “ಬರ್ತೀನಿ” ಎಂದು ಹೊರಟ, ಅಷ್ಟು ಸಾಕು. ಹಾಕುವವರೂ ಇದ್ದಾರೆ. ಹಾಕಲಿ, ಆದರೆ ಕಥೆಯುದ್ದಕ್ಕೂ ಒಂದೇ ಪದ್ಧತಿ ಇರಲಿ.

ಪ್ರಶ್ನೆ: ಎಂದ, ಎಂದಳು ಯಾವುದೂ ಇಲ್ಲದಿದ್ದರೆ?

ಉತ್ತರ: “ನಾನಿರಲ್ಲ,” ಅವನು ಚಪ್ಪಲಿ ಮೆಟ್ಟಿದ. ಇದು ನಿನ್ನೆಯ ಇನ್ನೊಂದು ಹಸ್ತಪ್ರತಿ. ಚಪ್ಪಲಿ ಮೆಟ್ಟಿದರೆ ಮಾತು ಹೊರಡುತ್ತದೆಯೇ? “ನಾನಿರಲ್ಲ.” ಪೂರ್ಣವಿರಾಮ ಇಡಿ, ಆಮೇಲೆ ನಿಧಾನವಾಗಿ ಮೆಟ್ಟಲಿ. ಮಾತು ಅರ್ಧದಲ್ಲಿದ್ದರೆ ಅಡ್ಡಗೆರೆ ಕರೆಯಿರಿ: “ಈ ಕಾಗದ” — ಅವಳ ಕೈ ನಡುಗಿತು — “ಯಾರು ಕೊಟ್ಟಿದ್ದು?”

ಪ್ರಶ್ನೆ: ನಿಮ್ಮನ್ನು ಬಿಟ್ಟೇ ಬರೆಯುತ್ತೇವೆ ಅನ್ನುವ ಕಥೆಗಾರರೂ ಇದ್ದಾರಲ್ಲ?

ಉತ್ತರ: ಧಾರಾಳವಾಗಿ ಬಿಡಲಿ, ನನಗೂ ವಿಶ್ರಾಂತಿ. ಯಾರ ಮಾತು ಎಂದು ಓದುಗ ಬೆರಳಿಟ್ಟು ಹುಡುಕುವಂತಾಗದಿದ್ದರೆ ಸರಿ.

ಪ್ರಶ್ನೆ: ಹೊಸ ಕಥೆಗಾರರಿಗೆ ಕಿವಿಮಾತು?

ಉತ್ತರ: ಬರೆದದ್ದನ್ನು ಗಟ್ಟಿಯಾಗಿ ಓದಿ. ಪಾತ್ರ ಉಸಿರು ತೆಗೆದುಕೊಳ್ಳುವ ಕಡೆ ಮಾತ್ರ ನೀವು ನಡುವೆ ಬನ್ನಿ. ಅಂಚೆಗೆ ಹಾಕುವ ಮುನ್ನ ತೆರೆದವು ಎಷ್ಟು, ಮುಚ್ಚಿದವು ಎಷ್ಟು ಎಣಿಸಿ. ಲೆಕ್ಕ ತಪ್ಪಿದ್ದರೆ ನಿಮ್ಮ ಕಥೆಯಲ್ಲಿ ಯಾರೋ ಇನ್ನೂ ಮಾತಾಡುತ್ತಲೇ ಇದ್ದಾರೆ. ಹೋಗಿ ಬಾಯಿ ಮುಚ್ಚಿಸಿ ಬನ್ನಿ.