ಪತ್ತೇದಾರಿ ಪುಣ್ಯಾತ್ಮರಿಗೊಂದು ಬಿನ್ನವತ್ತಳೆ

ಹೆಚ್ಚು ಹಾಲು ಕರೆಯುವ ಹಸುವಿಗೂ ಬಹುಮಾನ ಕೊಡುವ ಉದಾರ ನಾಡು ನಮ್ಮದು. ನವೆಂಬರ್ ಬಂತೆಂದರೆ ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲಿ ಯಾರಿದ್ದಾರೆ ಎನ್ನುವುದಕ್ಕಿಂತ ಯಾರಿಲ್ಲ ಎಂದು ಹುಡುಕುವುದೇ ಕಷ್ಟ. ಇಂಥ ನಾಡಿನಲ್ಲಿ ಒಂದು ವರ್ಗದ ಮಹನೀಯರಿಗೆ ಇದುವರೆಗೆ ಒಂದು ಶಾಲು, ಒಂದು ಬುಟ್ಟಿ ಹಣ್ಣು ಕೂಡ ಸಂದಿಲ್ಲವೆಂಬುದು ಸಾಂಸ್ಕೃತಿಕ ಲೋಕ ತಲೆತಗ್ಗಿಸಬೇಕಾದ ಸಂಗತಿ. ರಜೆಗೆ ಹೊರಡುವಾಗ ಚೀಲದ ತುಂಬ ಕೊಲೆಯ ಕಾದಂಬರಿಗಳನ್ನು ಹೇರಿಕೊಂಡು, ಹೋದ ಊರನ್ನು ಕಣ್ಣೆತ್ತಿಯೂ ನೋಡದೆ ಅವನ್ನೇ ಓದಿ, ಸಂಜೆ ಅದೇ ಕಥೆಯ ಸಿನಿಮಾವನ್ನು ಹತ್ತು ಜನರ ನಡುವೆ ಕೂತು ನೋಡುತ್ತ, ಎರಡಕ್ಕೂ ಇರುವ ವ್ಯತ್ಯಾಸಗಳನ್ನು ಆಯಾ ಕ್ಷಣದಲ್ಲೇ, ಏರುದನಿಯಲ್ಲಿ, ಯಾರೂ ಕೇಳದಿದ್ದರೂ ನಿವೇದಿಸುವ ಆ ತಪಸ್ವಿಗಳ ಪಾದಾರವಿಂದಗಳಿಗೆ ಈ ಬಿನ್ನವತ್ತಳೆಯನ್ನು ಭಕ್ತಿಪೂರ್ವಕ ಅರ್ಪಿಸುತ್ತಿದ್ದೇನೆ.

ಮೊದಲಿಗೆ ಅವರ ಇಂದ್ರಿಯನಿಗ್ರಹವನ್ನು ಕೊಂಡಾಡಬೇಕು. ಮಳೆಗಾಲದಲ್ಲಿ ಜೋಗಕ್ಕೆ ಹೋದ ಸಾಮಾನ್ಯ ಮನುಷ್ಯ ಏನು ಮಾಡುತ್ತಾನೆ? ಕಂಬಿ ಹಿಡಿದು ಬಾಯಿ ತೆರೆದು ನಿಲ್ಲುತ್ತಾನೆ. ರಾಜ ಯಾವುದು, ರಾಣಿ ಯಾವುದು, ರೋರರ್ ಯಾವುದು, ರಾಕೆಟ್ ಯಾವುದು ಎಂದು ಮಕ್ಕಳೊಂದಿಗೆ ಜಗಳವಾಡುತ್ತಾನೆ. ಕೊನೆಗೆ ನೆನೆದು ಶೀತ ಹಿಡಿಸಿಕೊಳ್ಳುತ್ತಾನೆ. ನಮ್ಮ ಮಹನೀಯರು ಇಂಥ ಚಪಲಕ್ಕೆ ಬಿದ್ದವರಲ್ಲ. ಶರಾವತಿ 253 ಮೀಟರ್ ಕೆಳಗೆ ಧುಮ್ಮಿಕ್ಕುತ್ತಿರುವಾಗ ಅವರು ಕಾರಿನ ಗಾಜು ಏರಿಸಿಕೊಂಡು, ಇಂಗ್ಲೆಂಡಿನ ಯಾವುದೋ ಹಳ್ಳಿಯ ಪಾದ್ರಿಯ ಮನೆಯ ಓದುಕೋಣೆಯಲ್ಲಿ ಬಿದ್ದಿರುವ ಹೆಣವನ್ನು ಏಕಾಗ್ರಚಿತ್ತದಿಂದ ಧ್ಯಾನಿಸುತ್ತಿರುತ್ತಾರೆ. ಸಕಲೇಶಪುರದ ಹೋಮ್‌ಸ್ಟೇಯ ಜಗಲಿಯಲ್ಲಿ ಬಿಸಿ ಕಡುಬು ತಣ್ಣಗಾಗುತ್ತದೆ, ಮಂಜು ಬಂದು ಹೋಗುತ್ತದೆ, ತೋಟದಲ್ಲಿ ಕಾಫಿ ಹೂವು ಅರಳಿ ಊರೆಲ್ಲ ಘಮಘಮಿಸುತ್ತದೆ. ಅವರ ಮೂಗಿಗೆ ತಟ್ಟುವುದು ಸಯನೈಡಿನ ಕಹಿ ಬಾದಾಮಿಯ ವಾಸನೆಯೊಂದೇ. ಪಶ್ಚಿಮಘಟ್ಟಕ್ಕೆ ಹೋಗಿ ಪಶ್ಚಿಮಘಟ್ಟದಿಂದ ಇಷ್ಟು ಪರಿಪೂರ್ಣವಾಗಿ ಪಾರಾಗಿ ಬರುವ ಯೋಗವನ್ನು ಪತಂಜಲಿಯೂ ಬೋಧಿಸಿದಂತಿಲ್ಲ.

ಇವರದು ನಿನ್ನೆ ಮೊನ್ನೆ ಹುಟ್ಟಿದ ವಂಶವೆಂದು ಯಾರೂ ಹಗುರವಾಗಿ ತಿಳಿಯಬಾರದು. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮನೆಗೂ ಕಳಿಸಿದ ಕಾಲದಲ್ಲಿ, ಬಾಡಿಗೆ ಪುಸ್ತಕದಂಗಡಿಗಳಿಂದ ಆ ಪುಸ್ತಕಗಳನ್ನು ತಂದು ಬೇಸಿಗೆ ರಜೆಯನ್ನು ಕಳೆದವರಿಗೆ ನೆನಪಿರಬಹುದು: ಯಾರೋ ಒಬ್ಬ ಅನಾಮಧೇಯ ಪುಣ್ಯಾತ್ಮ, ಕೊಲೆಗಾರನ ಹೆಸರು ಮೊದಲ ಬಾರಿ ಬರುವ ಪುಟದಲ್ಲೇ ಅಡಿಗೆರೆ ಎಳೆದು, ಅಂಚಿನಲ್ಲಿ ಪೆನ್ಸಿಲಿನಿಂದ ‘ಇವನೇ’ ಎಂದು ಬರೆದಿಟ್ಟಿರುತ್ತಿದ್ದ. ಸಹಿ ಹಾಕಲಿಲ್ಲ, ಪ್ರಚಾರ ಬಯಸಲಿಲ್ಲ, ಪ್ರತಿಫಲ ಕೇಳಲಿಲ್ಲ. ಮುಂದೆ ಬರುವ ನೂರು ಪುಟಗಳ ತಳಮಳದಿಂದ ಅಪರಿಚಿತ ಓದುಗರನ್ನು ಪಾರುಮಾಡಬೇಕೆಂಬ ಶುದ್ಧ ಕರುಣೆಯೊಂದೇ ಆ ಪೆನ್ಸಿಲನ್ನು ನಡೆಸಿತ್ತು. ಅಂದು ಅಂಚಿನಲ್ಲಿ ಅಡಗಿದ್ದ ಆ ಚೈತನ್ಯವೇ ಇಂದು ಸೋಫಾದ ನಡುವೆ, ರಿಮೋಟ್ ಹಿಡಿದು, ಮೂರ್ತಿವೆತ್ತು ಕೂತಿದೆ.

ಈ ಕರುಣೆಯ ಆಳ ತಿಳಿಯಬೇಕಾದರೆ ಅದು ಎಂಥ ದುಷ್ಟಶಕ್ತಿಗಳ ಎದುರು ಹೋರಾಡುತ್ತಿದೆ ಎಂಬುದನ್ನು ನೋಡಬೇಕು. ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರ್ಯಾಪ್’ ನಾಟಕ 1952ರಿಂದ, ಕೊರೊನಾ ಕಾಲವೊಂದನ್ನು ಬಿಟ್ಟರೆ, ಲಂಡನ್ನಿನಲ್ಲಿ ನಡೆಯುತ್ತಲೇ ಇದೆ. ಅಪರಾಧಿ ಯಾರೆಂದು ಹೊರಗೆ ಹೇಳಬೇಡಿ ಎಂದು ಅಲ್ಲಿ ಪ್ರೇಕ್ಷಕರನ್ನು ಬೇಡಿಕೊಳ್ಳುತ್ತಾರೆ. ಬಿಲ್ಲಿ ವೈಲ್ಡರ್ 1957ರಲ್ಲಿ ಕ್ರಿಸ್ಟಿಯವರ ‘ವಿಟ್ನೆಸ್ ಫಾರ್ ದಿ ಪ್ರಾಸಿಕ್ಯೂಷನ್’ ಕಥೆಯನ್ನು ಸಿನಿಮಾ ಮಾಡಿದಾಗ, ಅಂತ್ಯವನ್ನು ಯಾರಿಗೂ ತಿಳಿಸಬೇಡಿರೆಂಬ ಕೋರಿಕೆಯನ್ನು ಚಿತ್ರದ ಕೊನೆಯಲ್ಲೇ ಸೇರಿಸಿಟ್ಟರು. ಹಿಚ್‌ಕಾಕ್ ಅವರಂತೂ 1960ರಲ್ಲಿ ‘ಸೈಕೋ’ ಬಿಡುಗಡೆಯಾದಾಗ, ಸಿನಿಮಾ ಶುರುವಾದ ಮೇಲೆ ಬಂದವರನ್ನು ಒಳಗೇ ಬಿಡಬೇಡಿ ಎಂದು ಚಿತ್ರಮಂದಿರಗಳಿಗೆ ತಾಕೀತು ಮಾಡಿದರು. ಜಗತ್ತಿನ ದೊಡ್ಡ ದೊಡ್ಡವರೆಲ್ಲ ಸೇರಿ ಜನಸಾಮಾನ್ಯರಿಂದ ಒಂದು ಹೆಸರನ್ನು ಮುಚ್ಚಿಡಲು ಹೀಗೆ ಟೊಂಕ ಕಟ್ಟಿ ನಿಂತಿರುವಾಗ, ಯಾವ ಅರ್ಜಿಯನ್ನೂ ಕೇಳದೆ, ಹತ್ತು ರೂಪಾಯಿ ಶುಲ್ಕವನ್ನೂ ಪಡೆಯದೆ, ಮೂವತ್ತು ದಿನ ಕಾಯಿಸದೆ, ಹೆಸರುಗಳು ತೆರೆಯ ಮೇಲೆ ಬರುತ್ತಿರುವಾಗಲೇ “ಆ ನೀಲಿ ಕೋಟಿನವನನ್ನು ನೋಡಿಕೊಳ್ಳಿ” ಎಂದು ಬಿಡುವ ನಮ್ಮ ಮಹನೀಯರು, ಮಾಹಿತಿ ಹಕ್ಕಿನ ಕಾಯಿದೆ 2005ರಲ್ಲಿ ಬರುವುದಕ್ಕೂ ಎಷ್ಟೋ ಮೊದಲಿನಿಂದ ಆ ಕಾಯಿದೆಯ ಆತ್ಮವನ್ನು ಪಾಲಿಸಿಕೊಂಡು ಬಂದವರು.

ಹೇಳುವ ವಿಧಾನದಲ್ಲೂ ಅವರದು ನಯ. ಒರಟರಂತೆ ನೇರವಾಗಿ ಹೆಸರು ಹೇಳಿಬಿಡುವುದು ಕಡಿಮೆ. ಮಲೆನಾಡಿನ ಒಂದು ಹೋಮ್‌ಸ್ಟೇಯಲ್ಲಿ, ಮನೆಯೊಡತಿಯ ಅತ್ತೆ ಕಂಬಳಿ ಹೊದ್ದು ಟಿವಿ ಮುಂದೆ ಕೂತಿದ್ದಾಗ ಒಬ್ಬ ಮಹನೀಯರು ವಿನಯದಿಂದ ಬಾಗಿ, “ಅಜ್ಜಿ, ಆ ಡಾಕ್ಟರನ್ನ ಬಹಳ ನಂಬಬೇಡಿ” ಎಂದರು.

“ಯಾಕಪ್ಪ, ಅವನೇನು ಮಾಡ್ದ? ಪಾಪ, ಔಷಧಿ ಕೊಡ್ತಿದಾನೆ.”

“ನಾನು ಹೇಳಬಾರದು ಅಜ್ಜಿ, ಮಜಾ ಹೋಗುತ್ತೆ. ಆದರೆ ಆ ಔಷಧಿ ಬಾಟ್ಲಿ ಮೇಲೊಂದು ಕಣ್ಣಿಟ್ಟಿರಿ.”

ಅಜ್ಜಿ ಸ್ವಲ್ಪ ಹೊತ್ತು ಅವರ ಮುಖವನ್ನೂ ಟಿವಿಯನ್ನೂ ನೋಡಿ, “ಹಾಗಾದ್ರೆ ನಾನು ಮಲಕ್ಕೋತೀನಿ” ಎಂದು ಎದ್ದುಹೋದರು. ವಯಸ್ಸಾದವರು ಹೊತ್ತಿಗೆ ಸರಿಯಾಗಿ ಮಲಗಬೇಕೆಂದು ವೈದ್ಯರು ವರ್ಷಗಟ್ಟಲೆ ಹೇಳಿ ಸಾಧಿಸಲಾಗದ್ದನ್ನು ಅವರು ಎರಡು ವಾಕ್ಯಗಳಲ್ಲಿ ಸಾಧಿಸಿದರು. ಅವರ ಮಕ್ಕಳೂ ಅಪ್ಪ ಟಿವಿ ಹಾಕಿದೊಡನೆ ಅಂಗಳಕ್ಕೆ ಓಡಿ ಕತ್ತಲಲ್ಲಿ ಮಿಂಚುಹುಳ ಎಣಿಸುವುದನ್ನು ರೂಢಿಸಿಕೊಂಡಿದ್ದಾರೆ. ಮಕ್ಕಳಲ್ಲಿ ಪ್ರಕೃತಿಪ್ರೇಮ ಬೆಳೆಸಲು ಇದಕ್ಕಿಂತ ಪರಿಣಾಮಕಾರಿ ಮಾರ್ಗ ನನಗೆ ಗೊತ್ತಿಲ್ಲ.

ಇನ್ನು ಅವರ ವಿಮರ್ಶಾಪ್ರತಿಭೆ. ಇಲ್ಲಿ ನನ್ನ ಲೇಖನಿ ನಡುಗುತ್ತದೆ. ಸಾವಿರಾರು ಪುಟಗಳ ಕಾವ್ಯಮೀಮಾಂಸೆ ಬರೆದವರೂ ತಲುಪಲಾಗದ ಶಿಖರವನ್ನು ಅವರು ಒಂದೇ ವಾಕ್ಯದಲ್ಲಿ ಮುಟ್ಟಿದ್ದಾರೆ: “ಕಾದಂಬರಿಯಲ್ಲಿ ಹೀಗಿರಲಿಲ್ಲ.” ಈ ಮಹಾವಾಕ್ಯಕ್ಕೆ ಕಾಲದೇಶಗಳ ಹಂಗಿಲ್ಲ. ‘ಸೈಕೋ’ದ ನಾರ್ಮನ್ ಬೇಟ್ಸ್ ರಾಬರ್ಟ್ ಬ್ಲಾಕ್ ಕಾದಂಬರಿಯಲ್ಲಿ ದಪ್ಪಗಿನ ನಡುವಯಸ್ಸಿನವನು, ಆಂಥೊನಿ ಪರ್ಕಿನ್ಸ್ ತೆಳ್ಳಗಿದ್ದಾರೆ, ಆದ್ದರಿಂದ ಸಿನಿಮಾ ಸೋತಿತು. ಕ್ರಿಸ್ಟಿಯವರ ‘ಈವಿಲ್ ಅಂಡರ್ ದ ಸನ್’ ಕಾದಂಬರಿ ನಡೆಯುವುದು ಇಂಗ್ಲೆಂಡಿನ ಡೆವನ್ ಕರಾವಳಿಯಲ್ಲಿ, 1982ರ ಸಿನಿಮಾ ಅದನ್ನು ಏಡ್ರಿಯಾಟಿಕ್ ಸಮುದ್ರದ ದ್ವೀಪಕ್ಕೆ ಸಾಗಿಸಿ, ಚಿತ್ರೀಕರಣವನ್ನು ಸ್ಪೇನಿನ ಮಯೋರ್ಕಾದಲ್ಲಿ ಮಾಡಿತು. ಡೆವನ್ನಿಗೆ ಆದ ಈ ಅನ್ಯಾಯಕ್ಕೆ ಡೆವನ್ನಿನವರು ಸುಮ್ಮನಿದ್ದರೂ ಮಲ್ಪೆಯ ಮರಳಿನ ಮೇಲೆ ಕೂತ ನಮ್ಮ ಮಹನೀಯರು ಸುಮ್ಮನಿರಲಾರರು. ಎದುರಿಗಿರುವ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ, ತಾವು ಕಾಣದ ಎರಡು ಸಮುದ್ರಗಳ ವ್ಯತ್ಯಾಸವನ್ನು ಅವರು ವಿವರಿಸುವ ಪರಿಯನ್ನು ಕೇಳಿಯೇ ಅನುಭವಿಸಬೇಕು.

ಕ್ರಿಸ್ಟಿಯವರ ಪತ್ತೇದಾರ ಪ್ವಾರೊವಿನ ಮೀಸೆಯ ವಿಷಯದಲ್ಲಂತೂ ಅವರು ಯಾವ ರಾಜಿಗೂ ಸಿದ್ಧರಿಲ್ಲ. 1974ರ ಆಲ್ಬರ್ಟ್ ಫಿನ್ನಿ ಮೀಸೆ ಅತಿಯಾಯಿತು, 1978ರ ಪೀಟರ್ ಉಸ್ತಿನೋವ್ ಮೀಸೆ ಸಡಿಲವಾಯಿತು, 2017ರ ಕೆನೆತ್ ಬ್ರಾನಾ ಮೀಸೆ ಮುಖಕ್ಕಿಂತ ಮೊದಲು ಬಾಗಿಲು ದಾಟಿತು. 1989ರಿಂದ 2013ರವರೆಗೆ 70 ಕಂತುಗಳಲ್ಲಿ ಡೇವಿಡ್ ಸುಶೇ ಆ ಬೆಲ್ಜಿಯಂ ಪತ್ತೇದಾರನನ್ನು ಬದುಕಿನ ಅರ್ಧ ಭಾಗವೆಂಬಂತೆ ಧರಿಸಿಕೊಂಡಿದ್ದರಲ್ಲ ಎಂದು ಯಾರಾದರೂ ಸಂಕೋಚದಿಂದ ನೆನಪಿಸಿದರೆ, ಮಹನೀಯರು ಕ್ಷಣಕಾಲ ಕಣ್ಣುಮುಚ್ಚಿ, “ಪರವಾಗಿಲ್ಲ, ಆದರೆ ಕಾದಂಬರಿಯಲ್ಲಿ…” ಎಂದು ಶುರುಮಾಡುತ್ತಾರೆ. ಇಪ್ಪತ್ತನಾಲ್ಕು ವರ್ಷಗಳ ಸಾಧನೆಗೆ ‘ಪರವಾಗಿಲ್ಲ’ ಎಂಬಷ್ಟು ವಿಶಾಲವಾದ ಹೃದಯ ಯಾರಿಗಿದೆ?

ಮೂಲಕೃತಿಯ ಮೇಲಿನ ಅವರ ನಿಷ್ಠೆ ಎಷ್ಟು ಅಚಲವೆಂದರೆ ಮೂಲಲೇಖಕರೇ ಅಡ್ಡ ಬಂದರೂ ಅದು ಕದಲುವುದಿಲ್ಲ. ದ್ವೀಪವೊಂದರಲ್ಲಿ ಹತ್ತು ಮಂದಿ ಒಬ್ಬೊಬ್ಬರಾಗಿ ಸಾಯುವ ‘ಅಂಡ್ ದೆನ್ ದೇರ್ ವರ್ ನನ್’ ಕಾದಂಬರಿ ಬಂದದ್ದು 1939ರಲ್ಲಿ. 1945ರಲ್ಲಿ ರೆನೆ ಕ್ಲೇರ್ ಮಾಡಿದ ಸಿನಿಮಾದ ಅಂತ್ಯ ಬೇರೆ. “ನಿರ್ದೇಶಕ ಕ್ರಿಸ್ಟಿಯವರ ಕುತ್ತಿಗೆಯನ್ನೇ ಕೊಯ್ದ” ಎಂದು ಮಹನೀಯರು ಗುಡುಗಿದಾಗ, ಪಕ್ಕದಲ್ಲಿದ್ದ ಕಾಲೇಜು ಹುಡುಗಿಯೊಬ್ಬಳು ಆ ಅಂತ್ಯ ನಿರ್ದೇಶಕನದಲ್ಲವೆಂದೂ, 1943ರಲ್ಲಿ ರಂಗಭೂಮಿಗೆ ಅಳವಡಿಸುವಾಗ ಕ್ರಿಸ್ಟಿಯವರೇ ಅದನ್ನು ಬದಲಿಸಿದ್ದರೆಂದೂ ಹೇಳಿಬಿಟ್ಟಳು. ಸಾಮಾನ್ಯನಾಗಿದ್ದರೆ ಕಂಗೆಡುತ್ತಿದ್ದ. ಅವರು ಶಾಂತವಾಗಿ ಪುಸ್ತಕ ಮಡಚಿ, “ಹಾಗಾದರೆ ಕ್ರಿಸ್ಟಿಗೇ ತಮ್ಮ ಕಾದಂಬರಿ ಸರಿಯಾಗಿ ಅರ್ಥವಾಗಿರಲಿಲ್ಲ ಅಂತಾಯಿತು” ಎಂದರು.

ಈ ನ್ಯಾಯನಿಷ್ಠುರತೆಯ ಬಿಸಿ ಸತ್ಯಜಿತ್ ರಾಯ್ ಅವರಿಗೂ ತಟ್ಟಿದೆ. ‘ಸೋನಾರ್ ಕೆಲ್ಲಾ’ವನ್ನು 1971ರಲ್ಲಿ ಬರೆದವರು ರಾಯ್, 1974ರಲ್ಲಿ ಸಿನಿಮಾ ಮಾಡಿದವರೂ ಅವರೇ. ಪುಸ್ತಕದಲ್ಲಿ ಕೊನೆಯವರೆಗೆ ಬಚ್ಚಿಟ್ಟಿದ್ದ ದುಷ್ಟರನ್ನು ಸಿನಿಮಾದಲ್ಲಿ ಮೊದಲೇ ಬಯಲಿಗೆ ತಂದು, ಪ್ರೇಕ್ಷಕರಿಗೆ ಗೊತ್ತಿರುವುದು ಪತ್ತೇದಾರ ಫೆಲುದಾನಿಗೆ ಯಾವಾಗ ಗೊತ್ತಾಗುತ್ತದೆ ಎಂಬ ಕುತೂಹಲದ ಮೇಲೆ ಅವರು ರಾಜಸ್ಥಾನದುದ್ದಕ್ಕೂ ಕಥೆ ಓಡಿಸಿದರು. ತೆರೆಯ ಮೇಲೆ ಗುಟ್ಟಿಗಿಂತ ಬೆನ್ನಟ್ಟುವಿಕೆಗೆ ಬಲ ಹೆಚ್ಚೆಂದು ಬಲ್ಲವರು ಮೆಚ್ಚಿದರು. ನಮ್ಮ ಮಹನೀಯರು ಮಾತ್ರ ಮೆಚ್ಚಲಿಲ್ಲ. ಅವರ ನೋವು ನ್ಯಾಯವಾದದ್ದೇ. ಗುಟ್ಟು ರಟ್ಟು ಮಾಡುವುದು ಪ್ರೇಕ್ಷಕರ ಸಾಲಿನಲ್ಲಿ ಕೂತ ಜ್ಞಾನಿಗೆ ಮೀಸಲಾದ ಪವಿತ್ರ ಕೈಂಕರ್ಯ; ಅದನ್ನು ನಿರ್ದೇಶಕನೇ ಎಲ್ಲರಿಗೂ ಸಮಾನವಾಗಿ ಹಂಚಿಬಿಟ್ಟರೆ ಜ್ಞಾನಿ ಮಾಡುವುದೇನು? ಆ ಎರಡು ಗಂಟೆ ಅವರು ಬಾಯಿ ಮುಚ್ಚಿಕೊಂಡು ಸಿನಿಮಾ ನೋಡಬೇಕಾಗಿ ಬಂತು. ಇಂಥ ಕ್ರೌರ್ಯಕ್ಕೆ ಇತಿಹಾಸದಲ್ಲಿ ಕ್ಷಮೆಯಿಲ್ಲ.

ಲೇಖಕರಿಗೆ ತಿಳಿಯದ್ದೂ ಅವರಿಗೆ ತಿಳಿದಿರುತ್ತದೆ. ರೇಮಂಡ್ ಚಾಂಡ್ಲರ್ ಅವರ ‘ದಿ ಬಿಗ್ ಸ್ಲೀಪ್’ ಚಿತ್ರವಾಗುವಾಗ, ಕಾರು ಚಾಲಕನನ್ನು ಕೊಂದವರು ಯಾರೆಂದು ಚಿತ್ರತಂಡ ವಿಚಾರಿಸಿದ್ದಕ್ಕೆ ಚಾಂಡ್ಲರ್ ತಮಗೂ ಗೊತ್ತಿಲ್ಲವೆಂದರೆಂಬ ಕಥೆ ಪ್ರಸಿದ್ಧ. ಮಹನೀಯರಿಗೆ ಗೊತ್ತು. ಚಿಕ್ಕಮಗಳೂರಿನ ಘಾಟಿಯ ತಿರುವುಗಳಲ್ಲಿ, ಕಾರು ನಡೆಸುತ್ತಿದ್ದ ತಮ್ಮ ಬಾಡಿಗೆ ಚಾಲಕನಿಗೇ ಅದನ್ನು ಬಿಡಿಸಿ ಹೇಳಿದರು. ಅವನು ಆಮೇಲೆ ಬಹಳ ಎಚ್ಚರದಿಂದ ಓಡಿಸಿದನಂತೆ.

ಓದದೆಯೂ ಓದಿದವರಂತಿರುವ ಅವರ ಸಿದ್ಧಿಯನ್ನು ಹೇಳದೆ ಹೋದರೆ ಕೃತಘ್ನತೆಯಾದೀತು. ವಿಕ್ರಮ್ ಚಂದ್ರರ ‘ಸೇಕ್ರೆಡ್ ಗೇಮ್ಸ್’ 2006ರಲ್ಲಿ ಬಂದ ಒಂಬೈನೂರು ಪುಟಗಳ ಗ್ರಂಥ. ಅದು ಮಹನೀಯರೊಂದಿಗೆ ಊಟಿ ಕಂಡಿದೆ, ಗೋಕರ್ಣ ಕಂಡಿದೆ, ಮಡಿಕೇರಿಯ ಮಳೆ ಕಂಡಿದೆ. ಅರವತ್ತನೆಯ ಪುಟದ ಹತ್ತಿರ ಸಿಕ್ಕಿಸಿದ ಹಳೆಯ ಬಸ್ ಟಿಕೆಟ್ ಮಾತ್ರ ಜಾಗ ಬಿಟ್ಟು ಕದಲಿಲ್ಲ. ಆದರೂ 2018ರಲ್ಲಿ ಸರಣಿ ಬಂದೊಡನೆ “ಪುಸ್ತಕದ ಆಳ ಇದರಲ್ಲಿಲ್ಲ” ಎಂದು ಮೊದಲು ಘೋಷಿಸಿದವರು ಅವರೇ. ಆಳವನ್ನು ಅಳೆಯಲು ನೀರಿಗಿಳಿಯಬೇಕೆಂಬುದು ಅಲ್ಪಮತಿಗಳ ವಾದ. ಕೀಗೊ ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ ಕಾದಂಬರಿ 2023ರಲ್ಲಿ ‘ಜಾನೆ ಜಾನ್’ ಎಂಬ ಹಿಂದಿ ಸಿನಿಮಾವಾಗಿ ಕಾಲಿಂಪಾಂಗಿಗೆ ಬಂದಾಗ, ಇಂಗ್ಲಿಷಿನಲ್ಲಿ ಓದಿಕೊಂಡಿದ್ದ ಅವರು ಜಪಾನಿ ಮೂಲದ ಸೊಗಡು ಹೋಯಿತೆಂದು ಮರುಗಿದರು. ಕನ್ನಡದ ಪತ್ತೇದಾರಿ ಪುಸ್ತಕಗಳನ್ನು ಅವರು ಮುಟ್ಟುವುದಿಲ್ಲ. ಮುಟ್ಟದೆಯೇ ಅವುಗಳ ಮಟ್ಟ ತಿಳಿಯುತ್ತದೆ. ಆದರೆ ಭಾಷಾಭಿಮಾನವೇ ಇಲ್ಲವೆನ್ನುವಂತಿಲ್ಲ. ಅಗ್ನಿ ಶ್ರೀಧರ್ ತಮ್ಮ ಜೀವನದ ಅನುಭವಗಳನ್ನೇ ಬರೆದ ‘ದಾದಾಗಿರಿಯ ದಿನಗಳು’ 2007ರಲ್ಲಿ ‘ಆ ದಿನಗಳು’ ಸಿನಿಮಾ ಆದಾಗ, “ಏನೇ ಹೇಳಿ, ಕಾದಂಬರಿಯಲ್ಲಿನ ಕಲ್ಪನಾಶಕ್ತಿಯೇ ಬೇರೆ” ಎಂದು ಅವರು ಆ ಆತ್ಮಕಥನವನ್ನು ಮನಸಾರೆ ಹೊಗಳಿದ್ದುಂಟು.

ಇಂಥ ಗುರುಗಳನ್ನು ಸ್ತುತಿಸುವ ಈ ಬರಹದಲ್ಲಿ ಒಬ್ಬನೇ ಒಬ್ಬ ಕೊಲೆಗಾರನ ಗುಟ್ಟೂ ಬಯಲಾಗಲಿಲ್ಲವಲ್ಲ ಎಂದು ಓದುಗರು ಬೇಸರಿಸಬಾರದು. ಆ ಅಧಿಕಾರ ನನಗೆ ಇನ್ನೂ ಪ್ರಾಪ್ತವಾಗಿಲ್ಲ. ಪ್ರವಾಸೋದ್ಯಮ ಇಲಾಖೆ ಮನಸ್ಸು ಮಾಡಿದರೆ ನಾಡಿನ ಪ್ರತಿಯೊಂದು ಗಿರಿಧಾಮದ ಅತಿಥಿಗೃಹಕ್ಕೂ ಒಬ್ಬೊಬ್ಬ ಮಹನೀಯರನ್ನು ಗೌರವಧನ ಕೊಟ್ಟು ನೇಮಿಸಬಹುದು. ಟಿವಿಗಳ ಸದ್ದು ಅಡಗಿ, ಅತಿಥಿಗಳು ಬೇಗ ಮಲಗಿ, ಬೆಳಗಿನ ಜಾವಕ್ಕೇ ಎದ್ದು ಬೆಟ್ಟ ಹತ್ತಲು ಓಡುತ್ತಾರೆ, ಸಾಧ್ಯವಾದಷ್ಟು ದೂರದ ಬೆಟ್ಟವನ್ನು. ಸರ್ಕಾರದ ಆದೇಶ ಬರುವವರೆಗೆ ಓದುಗರು ತಮ್ಮ ಕೈಲಾದ ಸೇವೆ ಮಾಡಬಹುದು. ಬರುವ ದಸರಾ ರಜೆಯಲ್ಲಿ ರೈಲಿನಲ್ಲೋ ಬಸ್ಸಿನಲ್ಲೋ ಕೂತಾಗ, ಅರ್ಧ ಓದಿದ ಪತ್ತೇದಾರಿ ಕಾದಂಬರಿಯನ್ನು ಅದರ ಮುಖಪುಟ ಎಲ್ಲರಿಗೂ ಕಾಣುವಂತೆ ಹಿಡಿದುಕೊಳ್ಳಿ. ನೀವು ಏನೂ ಕೇಳಬೇಕಾಗಿಲ್ಲ. ಉಳಿದದ್ದನ್ನು ಪಕ್ಕದ ಸೀಟಿನವರು ನೋಡಿಕೊಳ್ಳುತ್ತಾರೆ.