ಮುಚ್ಚಳ ಪುರಾಣ

ನಮ್ಮ ಮನೆಯಲ್ಲಿ ನನ್ನ ಮೇಲಿರುವ ಆರೋಪಗಳು ಹಲವು, ಮೂಲ ಮಾತ್ರ ಒಂದೇ. ತೆಗೆದದ್ದನ್ನು ಮುಚ್ಚುವುದಿಲ್ಲ. ಸಕ್ಕರೆ ಡಬ್ಬಿ ತೆಗೆದರೆ ಹಾಗೇ, ಬೀರು ತೆಗೆದರೆ ಹಾಗೇ. ಟೂತ್‌ಪೇಸ್ಟಿನ ಮುಚ್ಚಳ ಹತ್ತರಲ್ಲಿ ಒಂಬತ್ತು ಸಲ ವಾಶ್‌ಬೇಸಿನ್ನಿನ ತೂತಿನ ಪಾಲು. ಚಿಕ್ಕವನಿದ್ದಾಗ ಅಮ್ಮ ದಿನಕ್ಕೆ ನಾಲ್ಕು ಸಲವಾದರೂ "ತೆಗೆಯೋಕೆ ಬರತ್ತೆ, ಮುಚ್ಚೋಕೇನೋ ಧಾಡಿ ನಿಂಗೆ?" ಅನ್ನುತ್ತಿದ್ದಳು. ಒಂದು ಬೇಸಿಗೆಯಲ್ಲಿ ನಾನು ಕದ್ದು ತಿಂದು ಹಾಗೇ ಬಿಟ್ಟ ಮಿಡಿ ಉಪ್ಪಿನಕಾಯಿಯ ಜಾಡಿಗೆ ಬೂಷ್ಟು ಹಿಡಿಯಿತು. ಆ ವರ್ಷವಿಡೀ ಮನೆಮಂದಿಯೆಲ್ಲ ಮೊಸರನ್ನಕ್ಕೆ ನನ್ನ ಹೆಸರನ್ನೇ ನಂಚಿಕೊಂಡರು. ಮದುವೆಯಾದ ಮೇಲೆ ನನ್ನ ಫೈಲು ಅಮ್ಮನಿಂದ ಹೆಂಡತಿಗೆ ವರ್ಗವಾಯಿತು, ಅಷ್ಟೇ.

ಇಂಥವನು ಹೊಟ್ಟೆಪಾಡಿಗೆ ಹಿಡಿದ ಕಸುಬು ಯಾವುದು ಅಂತೀರಿ? ವೆಬ್ ಪುಟ ಬರೆಯುವುದು. ಅಂದರೆ ಬೆಳಗಿನಿಂದ ಸಂಜೆಯವರೆಗೆ ತೆರೆಯುವುದು, ಮುಚ್ಚುವುದು.

ಗೊತ್ತಿಲ್ಲದವರಿಗೆ ಎರಡು ಮಾತು. ವೆಬ್ ಪುಟದ ಒಳಗೆ ಎಚ್‌ಟಿಎಂಎಲ್ ಎಂಬ ಗುರುತುಗಳಿರುತ್ತವೆ, ಇವಕ್ಕೆ ಟ್ಯಾಗು ಅನ್ನುತ್ತಾರೆ. ಅಕ್ಷರ ದಪ್ಪಗಾಗಬೇಕಾದರೆ ಮೊದಲು <ಬಿ> ಎಂದು ತೆರೆಯಬೇಕು, ಸಾಕೆನಿಸಿದಾಗ </ಬಿ> ಎಂದು ಮುಚ್ಚಬೇಕು. ಪಟ್ಟಿಗೊಂದು ಟ್ಯಾಗು, ಪಟ್ಟಿಯೊಳಗಿನ ಒಂದೊಂದು ಸಾಲಿಗೂ ಒಂದೊಂದು ಟ್ಯಾಗು. ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ, ಒಳಗಿನದನ್ನು ಮುಚ್ಚಿದ ಮೇಲೇ ಹೊರಗಿನದನ್ನು ಮುಚ್ಚಬೇಕು. ಮೊದಮೊದಲು ಇದರಲ್ಲಿ ಕೆಲವಕ್ಕೆ ವಿನಾಯಿತಿ ಇತ್ತು, ಪ್ಯಾರಾವನ್ನು ಮುಚ್ಚದಿದ್ದರೂ ಯಾರೂ ಕೇಳುತ್ತಿರಲಿಲ್ಲ. 2000ದಲ್ಲಿ ಎಕ್ಸ್‌ಎಚ್‌ಟಿಎಂಎಲ್ ಎಂಬ ಕಟ್ಟುನಿಟ್ಟಿನ ಮಡಿ ಬಂತು. ತೆರೆದದ್ದನ್ನೆಲ್ಲ ಮುಚ್ಚು, ಒಳಗೆ ಏನೂ ಇಲ್ಲದಿದ್ದರೂ ಮುಚ್ಚು. ಆ ನಿಯಮಗಳನ್ನು ಓದುತ್ತ ಹೋದಂತೆ ಅಮ್ಮನೇ ಹೋಗಿ ಆ ಸಮಿತಿಯಲ್ಲಿ ಕೂತಿದ್ದಾಳೇನೋ ಅನ್ನಿಸಿತ್ತು.

ಬ್ರೌಸರ್ ಎಂಬುದು ಮಾತ್ರ ತುಂಬ ಸೈರಣೆಯ ಪ್ರಾಣಿ. ನೀವು ಮುಚ್ಚದೆ ಬಿಟ್ಟದ್ದನ್ನು ತಾನೇ ಊಹಿಸಿ ಮುಚ್ಚಿಕೊಂಡು, ಪುಟವನ್ನು ಹೇಗೋ ಒಂದು ರೀತಿಯಲ್ಲಿ ತೋರಿಸುತ್ತದೆ. ಆ 'ಹೇಗೋ' ನಮ್ಮ ಮಾನ ಕಳೆಯುತ್ತದೆ. 2007ರ ಸುಮಾರಿಗೆ ನಾನು ಮೈಸೂರಿನ ಒಂದು ಕಲ್ಯಾಣ ಮಂಟಪಕ್ಕೆ ವೆಬ್‌ಸೈಟು ಮಾಡಿಕೊಟ್ಟಿದ್ದೆ. ಸೂಚನೆಗಳ ಪುಟದಲ್ಲಿ 'ಎಂಜಲೆಲೆಯನ್ನು ಕಿಟಕಿಯಿಂದ ಎಸೆಯಬಾರದು' ಎಂಬ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿ, ಎಂದಿನಂತೆ ಮುಚ್ಚುವುದನ್ನು ಮರೆತೆ. ಅಲ್ಲಿಂದ ಕೆಳಗೆ ಬಾಡಿಗೆ ದರ, ಜನರೇಟರ್ ಖರ್ಚು, ಫೋನ್ ನಂಬರು ಎಲ್ಲವೂ ದಪ್ಪ. ಮರುದಿನ ಮ್ಯಾನೇಜರ್ ಫೋನ್ ಮಾಡಿದರು. "ಸಾರ್, ನಮ್ಮ ವೆಬ್‌ಸೈಟು ಕಿರಿಚ್ತಾ ಇದೆ."

ಇದಾದದ್ದು ಎಚ್‌ಟಿಎಂಎಲನ್ನು ಕೈಯಲ್ಲೇ ಬರೆದಾಗ. ಅದನ್ನು ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಿಂದ ಬರೆಸುವುದು ಇನ್ನೂ ಕಷ್ಟ. ರಾಸ್ಮಸ್ ಲರ್ಡಾರ್ಫ್ ಎಂಬಾತ ತನ್ನ ಬಯೋಡೇಟಾವನ್ನು ಎಷ್ಟು ಜನ ನೋಡುತ್ತಾರೆಂದು ಎಣಿಸುವುದಕ್ಕೆ ಕಟ್ಟಿಕೊಂಡು, 1995ರಲ್ಲಿ ಲೋಕಕ್ಕೆ ಬಿಟ್ಟ ಸಾಧನ ಅದು. ಆಗ ಅದರ ಪೂರ್ತಿ ಹೆಸರು 'ಪರ್ಸನಲ್ ಹೋಮ್ ಪೇಜ್'. ಹೆಸರಲ್ಲೇ ಮನೆ ಇದೆ ನೋಡಿ, ಜಗಳ ಇಲ್ಲದೆ ಇರುತ್ತದೆಯೇ? ಪಿಎಚ್‌ಪಿಯ ವಾಕ್ಯ ಉದ್ಧರಣ ಚಿಹ್ನೆಯೊಳಗೆ ಇರಬೇಕು. ಅದರೊಳಗಿನ ಎಚ್‌ಟಿಎಂಎಲಿಗೂ ಅದೇ ಚಿಹ್ನೆ ಬೇಕು. ಎರಡಕ್ಕೂ ಜಗಳವಾಗದಿರಲಿ ಎಂದು ನಡುವೆ ಓರೆಗೆರೆಗಳನ್ನು ಕಾವಲು ನಿಲ್ಲಿಸಬೇಕು. ಒಂದು ಕೊಂಡಿ ಬರೆಯುವಷ್ಟರಲ್ಲಿ ಪರದೆಯ ತುಂಬ ಎಳ್ಳು ಚೆಲ್ಲಿದ ಹಾಗೆ ಚಿಹ್ನೆಗಳು. ಅದರಲ್ಲಿ ಒಂದು ಎಳ್ಳು ಕಡಿಮೆಯಾದರೂ ಪುಟ ಬಿಳಿಚಿಕೊಂಡು ಕೂರುತ್ತದೆ.

ಅದಕ್ಕೇ ಒಂದು ಪುಟ್ಟ ಲೈಬ್ರರಿ, ಅಂದರೆ ಮತ್ತೆ ಮತ್ತೆ ಬಳಸಬಹುದಾದ ಪ್ರೋಗ್ರಾಮುಗಳ ಕಟ್ಟು, ಬರೆಯಲು ಹೊರಟೆ. ಇಂಥವನ್ನು ಬರೆದವರು ಆಗಲೇ ಬೇಕಾದಷ್ಟು ಜನ ಇದ್ದರು. ಪಿಎಚ್‌ಪಿಯಲ್ಲೇ 2004ರ ಐದನೇ ಆವೃತ್ತಿಯಿಂದ ಡಾಮ್‌ಡಾಕ್ಯುಮೆಂಟ್ ಎಂಬ ದೊಡ್ಡ ವ್ಯವಸ್ಥೆಯೂ ಇತ್ತು. ಆದರೆ ಅದರಲ್ಲಿ ಒಂದು ಸಾಲು ಬರೆಯಬೇಕಾದರೆ ಮೊದಲು ದಾಖಲೆಯನ್ನು ಸೃಷ್ಟಿಸಿ, ಅದರ ಕೈಯಲ್ಲಿ ಟ್ಯಾಗನ್ನು ಸೃಷ್ಟಿಸಿ, ಪಠ್ಯವನ್ನು ಬೇರೆಯಾಗಿ ಸೃಷ್ಟಿಸಿ, ಒಂದನ್ನು ಇನ್ನೊಂದಕ್ಕೆ ಧಾರೆ ಎರೆದುಕೊಡಬೇಕು. ಒಂದು ಲೋಟ ಕಾಫಿ ಬೆರೆಸುವುದಕ್ಕೆ ಪುರೋಹಿತರನ್ನು ಕರೆಸಿದ ಹಾಗೆ.

ನನ್ನದು ಸರಳ. ಟ್ಯಾಗಿನ ಹೆಸರು ಹೇಳಿ, ಒಳಗೆ ಏನಿರಬೇಕೋ ಕೊಡಿ. ಅದು ತೆರೆಯುತ್ತದೆ, ಒಳಗಿನದನ್ನು ತುಂಬುತ್ತದೆ, ತಾನೇ ಮುಚ್ಚುತ್ತದೆ. ಒಳಗಿರುವುದೂ ಒಂದು ಟ್ಯಾಗಾಗಿದ್ದರೆ ಅದಕ್ಕೂ ಇದೇ ಉಪಚಾರ. ಪಿಎಚ್‌ಪಿಯಲ್ಲಿ ಫಂಕ್ಷನ್ನುಗಳಿಗೆ ಕನ್ನಡದಲ್ಲೇ ಹೆಸರಿಡಬಹುದು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನಾನು ಇಟ್ಟೆ. ಅದೇ ಕಲ್ಯಾಣ ಮಂಟಪದ ಊಟದ ಮೆನು ಹೀಗೆ ಬಂತು:

ಪಟ್ಟಿ(ಸಾಲು('ಹೋಳಿಗೆ'), ಸಾಲು('ಚಿತ್ರಾನ್ನ'), ಸಾಲು('ಮಜ್ಜಿಗೆಹುಳಿ'))

ಎಷ್ಟು ಚೆನ್ನಾಗಿದೆ! ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ "ಪ್ರೋಗ್ರಾಮಿನಲ್ಲಿ ಕನ್ನಡವಾ ಸಾರ್?" ಎಂದು ಮೂಗು ಮುರಿದ. ಪಿಎಚ್‌ಪಿಯಲ್ಲಿ ಜೋಡಿ ಕೋಲನ್ನಿಗೆ ಇಟ್ಟ ಒಂದು ಹೆಸರೇ 'ಪಾಮಾಯಿಂ ನೆಕುಡೋತಾಯಿಂ' ಎಂಬ ಹೀಬ್ರೂ ಪದ. ಪಿಎಚ್‌ಪಿಯನ್ನು ತಿದ್ದಿ ಬೆಳೆಸಿದ ಇಸ್ರೇಲಿನ ಇಬ್ಬರು ಇಟ್ಟುಹೋದದ್ದು. ತಪ್ಪು ಮಾಡಿದರೆ ಅದು ಬೈಯುತ್ತಿದ್ದದ್ದೂ ಆ ಪದದಲ್ಲೇ. ಹೀಬ್ರೂವಿನಲ್ಲಿ ಬೈಸಿಕೊಳ್ಳಬಹುದಂತೆ, ಕನ್ನಡದಲ್ಲಿ ಹೋಳಿಗೆ ಬಡಿಸಬಾರದೇ?

ಬಡಿಸಿದೆ. ಪುಟದಲ್ಲಿ ಮಂಟಪದ ವಿಳಾಸ ಸಾಲು ಸಾಲಿನ ನಡುವೆ ಒಂದು ಗೇಣು ಜಾಗ ಬಿಟ್ಟುಕೊಂಡು ಕಾಣಿಸಿತು. ಕಾರಣ ಹುಡುಕುವುದಕ್ಕೆ ಅರ್ಧ ದಿನ ಹಿಡಿಯಿತು. ಸಾಲು ಮುರಿಯುವ 'ಬಿಆರ್', ಚಿತ್ರ ಹಾಕುವ 'ಐಎಂಜಿ', ಗೆರೆ ಎಳೆಯುವ 'ಎಚ್‌ಆರ್' ಹೀಗೆ ಕೆಲವು ಟ್ಯಾಗುಗಳಿಗೆ ಒಳಗೆ ಏನನ್ನೂ ತುಂಬುವಂತಿಲ್ಲ, ಆದ್ದರಿಂದ ಸಾದಾ ಎಚ್‌ಟಿಎಂಎಲಿನಲ್ಲಿ ಅವಕ್ಕೆ ಮುಚ್ಚುವ ಟ್ಯಾಗೂ ಇಲ್ಲ. ಈಗಿನ ಪಟ್ಟಿಯಲ್ಲಿ ಇಂಥವು 13 ಇವೆ. ನನ್ನ ಲೈಬ್ರರಿ ಹೊಸದಾಗಿ ಕಲಿತ ಶಿಸ್ತಿನಲ್ಲಿ ಬಿಆರನ್ನೂ ಮುಚ್ಚಿತ್ತು. ಬ್ರೌಸರ್ ಆ ಮುಚ್ಚುವ ಗುರುತನ್ನು ಇನ್ನೊಂದು ಬಿಆರ್ ಎಂದು ತಿಳಿದು ಎರಡೆರಡು ಸಲ ಸಾಲು ಮುರಿದಿತ್ತು. ಜೀವಮಾನವಿಡೀ ಮುಚ್ಚದೆ ಬೈಸಿಕೊಂಡವನು ಮೊದಲ ಸಲ ಮುಚ್ಚಿದ್ದಕ್ಕೆ ಸಿಕ್ಕಿಬಿದ್ದೆ.

ಎರಡನೇ ಪೆಟ್ಟು ಮಂಗಳೂರಿನಿಂದ ಬಂತು. ಅಲ್ಲಿನ ಒಬ್ಬರು ಮಗಳ ಮದುವೆಯ ಔತಣಕ್ಕೆ ವೆಬ್‌ಸೈಟಿನ ಫಾರಂ ತುಂಬಿ ಮಂಟಪ ಕಾದಿರಿಸಿದ್ದರು. ಮನೆತನದ ಹೆಸರು ಡಿ'ಸೋಜ. ಡಿ ಆದ ಮೇಲೆ ತಲೆಯ ಮೇಲೊಂದು ಸಣ್ಣ ಚಿಹ್ನೆ ಇದೆಯಲ್ಲ, ಅದೇ ನನ್ನ ಶನಿ. ಹೊರಗಿನಿಂದ ಬರುವ ಮಾತಿನಲ್ಲಿ ಇಂಥ ಚಿಹ್ನೆಗಳಿದ್ದರೆ ಅವನ್ನು ನಿರುಪದ್ರವಿಯಾಗಿ ಮಾಡುವುದಕ್ಕೆ ಪಿಎಚ್‌ಪಿಯಲ್ಲೇ ಒಂದು ಫಂಕ್ಷನ್ ಇದೆ, ನಾನು ಬಳಸಿಯೂ ಇದ್ದೆ. ಆದರೆ ಅದು ಜೋಡಿ ಉದ್ಧರಣ ಚಿಹ್ನೆಯನ್ನು ಮಾತ್ರ ನೋಡಿಕೊಳ್ಳುತ್ತಿತ್ತು. ಬೇರೆ ಹೇಳದಿದ್ದರೆ ಒಂಟಿ ಚಿಹ್ನೆಯನ್ನು ಮುಟ್ಟುತ್ತಲೇ ಇರಲಿಲ್ಲ. ಈ ನಡವಳಿಕೆ ಬದಲಾದದ್ದು 2021ರಲ್ಲಿ ಬಂದ 8.1ನೇ ಆವೃತ್ತಿಯಲ್ಲಿ. ನನ್ನ ಲೈಬ್ರರಿಯೋ, ಫಾರಂನ ಖಾನೆಗಳನ್ನೆಲ್ಲ ಒಂಟಿ ಚಿಹ್ನೆಯಿಂದಲೇ ಸುತ್ತುತ್ತಿತ್ತು. ಡಿ ಆದ ತಕ್ಷಣ ಚಿಹ್ನೆ ಕಂಡಿತು, ಹೆಸರು ಇಲ್ಲಿಗೆ ಮುಗಿಯಿತೆಂದು ಬ್ರೌಸರ್ ಭಾವಿಸಿತು. ಮ್ಯಾನೇಜರ್ ಫೋನ್ ನಂಬರು ತಿದ್ದುವುದಕ್ಕೆಂದು ಆ ಫಾರಂ ತೆಗೆದು, ತಿದ್ದಿ, ಉಳಿಸಿದರು. ಸೋಜ ಹೋಯಿತು, ಡಿ ಉಳಿಯಿತು.

ಯಾರೂ ಗಮನಿಸಲಿಲ್ಲ. ಮದುವೆಯ ದಿನ ಹೆಬ್ಬಾಗಿಲಿನ ಬೋರ್ಡಿನಲ್ಲಿ ಹೂವಿನ ನಡುವೆ 'ಡಿ ಕುಟುಂಬದವರಿಗೆ ಸುಸ್ವಾಗತ' ಎಂದಿತ್ತು. ಹುಡುಗಿಯ ತಂದೆ ಸಜ್ಜನರು, ಕೂಗಾಡಲಿಲ್ಲ. ಮ್ಯಾನೇಜರನ್ನು ಪಕ್ಕಕ್ಕೆ ಕರೆದು ಕೇಳಿದರಂತೆ: "ಬಾಡಿಗೆ ಪೂರ್ತಿ ಕೊಟ್ಟಿದ್ದೇನಲ್ಲ ಮಾರಾಯ್ರೆ, ಹೆಸರು ಮಾತ್ರ ಯಾಕೆ ಅರ್ಧ?"

ನಗುವ ವಿಷಯವಲ್ಲ ಇದು. ಬಳಕೆದಾರರು ಬರೆದದ್ದನ್ನು ಸೋಸದೆ ಪುಟಕ್ಕೆ ಸುರಿಯುವುದೆಂದರೆ ಬೆಲ್ಲದ ಡಬ್ಬಿಯನ್ನು ತೆರೆದಿಟ್ಟು ಇರುವೆಗೆ ಕಾಗದ ಬರೆದಂತೆ. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಕಾಮ್‌ಕರ್ ಎಂಬ ಅಮೆರಿಕದ ಹುಡುಗ ಮೈಸ್ಪೇಸ್ ಜಾಲತಾಣದ ತನ್ನ ಪುಟದೊಳಗೆ ಒಂದು ಸಣ್ಣ ಪ್ರೋಗ್ರಾಮು ಬಚ್ಚಿಟ್ಟ. ಅವರು ಸೋಸುತ್ತಿರಲಿಲ್ಲ ಎಂದಲ್ಲ, ಜರಡಿಯ ಕಣ್ಣು ದೊಡ್ಡದಿತ್ತು. 'ಜಾವಾಸ್ಕ್ರಿಪ್ಟ್' ಎಂಬ ಪದವನ್ನು ಆತ ಎರಡು ಸಾಲಿಗೆ ಮುರಿದು ಒಳಗೆ ತೂರಿಸಿದ. ಅವನ ಪುಟ ನೋಡಿದವರೆಲ್ಲ ತಮಗೆ ಗೊತ್ತಿಲ್ಲದೆ ಅವನ ಸ್ನೇಹ ಕೋರಿದರು, ಅವರ ಪುಟ ನೋಡಿದವರೂ ಕೋರಿದರು. ಸುಮಾರು 20 ಗಂಟೆಗಳಲ್ಲಿ ಇರುವೆ 10 ಲಕ್ಷ ದಾಟಿತು. ಮೈಸ್ಪೇಸ್ ಕೊನೆಗೆ ಅಂಗಡಿಯನ್ನೇ ಸ್ವಲ್ಪ ಹೊತ್ತು ಮುಚ್ಚಬೇಕಾಯಿತು. ಇದೆಲ್ಲ ಓದಿದ ಮೇಲೆ ನಾನು ನನ್ನ ಲೈಬ್ರರಿಗೆ ಒಂದೇ ನಿಯಮ ಹಾಕಿದೆ. ಒಳಗೆ ಬರುವ ಮಾತು ಯಾರದೇ ಇರಲಿ, ಕೈಕಾಲು ತೊಳೆದುಕೊಂಡೇ ಬರಬೇಕು. ಎರಡೂ ಬಗೆಯ ಉದ್ಧರಣ ಚಿಹ್ನೆಗಳೂ ಸೇರಿ.

ಹೀಗೆ ಎಲ್ಲ ಸರಿಮಾಡಿ, ಫೈಲಿನ ಕೊನೆಯಲ್ಲಿ ಪಿಎಚ್‌ಪಿಯ ಮುಚ್ಚುವ ಗುರುತನ್ನೂ ಶ್ರದ್ಧೆಯಿಂದ ಹಾಕಿ, ಎಂಟರ್ ಒತ್ತಿ ಮಲಗಿದೆ. ಬೆಳಿಗ್ಗೆ ಮಂಟಪದಲ್ಲಿ ಯಾರಿಗೂ ಲಾಗಿನ್ ಆಗುತ್ತಿಲ್ಲ. ನಾಲ್ಕು ಗಂಟೆ ತಲೆ ಚಚ್ಚಿಕೊಂಡ ಮೇಲೆ ತಿಳಿದದ್ದಿಷ್ಟು. ಮುಚ್ಚುವ ಗುರುತಿನ ಕೆಳಗೆ ಎರಡು ಖಾಲಿ ಸಾಲು ಉಳಿದಿದ್ದವು. ಗುರುತಿನ ಆಚೆಗಿರುವುದೆಲ್ಲ ಪುಟದ ಮಾತು ಎಂದು ತಿಳಿದ ಪಿಎಚ್‌ಪಿ ಆ ಖಾಲಿಯನ್ನೇ ಬ್ರೌಸರಿಗೆ ಕಳಿಸಿಬಿಟ್ಟಿತ್ತು. ಪುಟ ಒಮ್ಮೆ ಹೊರಟ ಮೇಲೆ ಲಾಗಿನ್ನಿನ ಗುರುತುಚೀಟಿ ಕಳಿಸಲು ಬರುವುದಿಲ್ಲ. ಲಗ್ನಪತ್ರಿಕೆಯನ್ನು ಅಂಚೆಗೆ ಹಾಕಿದ ಮೇಲೆ ಮುಹೂರ್ತ ಬರೆಯಹೋದ ಹಾಗೆ. ಇದಕ್ಕೆ ಪರಿಹಾರವೇನು? ಪಿಎಚ್‌ಪಿಯ ಕೈಪಿಡಿಯೇ ಹೇಳುತ್ತದೆ: ಬರೀ ಪಿಎಚ್‌ಪಿ ಇರುವ ಫೈಲಿನ ಕೊನೆಯಲ್ಲಿ ಮುಚ್ಚುವ ಗುರುತು ಹಾಕದಿರುವುದೇ ಲೇಸು. 2012ರ ಪಿಎಸ್‌ಆರ್-2 ಎಂಬ ಶೈಲಿಸೂತ್ರವಂತೂ ಅದನ್ನು ಬಿಡಲೇಬೇಕು ಎಂದು ಕಡ್ಡಾಯ ಮಾಡಿತು.

ನನಗೆ ಆದ ಆನಂದ ಊಹಿಸಿ. ಮುಚ್ಚಬಾರದು ಎಂಬ ಲಿಖಿತ ನಿಯಮ! ನೇರ ಅಡುಗೆಮನೆಗೆ ಹೋಗಿ ಹೆಂಡತಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಕಟ್ಟೆಯ ಮೇಲೆ ಬೆಳಗ್ಗಿನಿಂದ ಬಾಯಿ ತೆರೆದುಕೊಂಡಿದ್ದ ಡಬ್ಬಿಯನ್ನು ನನ್ನ ಮೂಗಿನ ಹತ್ತಿರ ಹಿಡಿದಳು. "ಮೂಸಿ ನೋಡಿ. ಘಮ ಇದೆಯೇನ್ರೀ? ಅದು ನಿಮ್ಮ ಪಿಎಚ್‌ಪಿ, ಇದು ಕಾಫಿಪುಡಿ."

ಮರುದಿನ ಅವಳು ದೇವರಾಜ ಮಾರುಕಟ್ಟೆಯ ಕಡೆ ಹೋಗಿ ಹೊಸ ಡಬ್ಬಿಯೊಂದನ್ನು ತಂದಳು. ಅದರ ಮುಚ್ಚಳಕ್ಕೆ ಸ್ಪ್ರಿಂಗ್ ಇದೆ. ಒತ್ತಿದರೆ ತೆರೆದುಕೊಳ್ಳುತ್ತದೆ, ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಅಂದಿನಿಂದ ನಮ್ಮ ಮನೆಯಲ್ಲಿ ಕಾಫಿಯ ಬಗ್ಗೆ ಮಾತಿಗೆ ಮಾತು ಬೆಳೆದಿಲ್ಲ. ಮನುಷ್ಯನನ್ನು ತಿದ್ದುವುದಕ್ಕಿಂತ ಮುಚ್ಚಳವನ್ನು ತಿದ್ದುವುದು ಸುಲಭ ಎಂದು ನಾನು ಲೈಬ್ರರಿ ಬರೆದು ಕಂಡುಕೊಂಡದ್ದನ್ನು ಅವಳು ಪಾತ್ರೆ ಅಂಗಡಿಯಲ್ಲಿ ಕಂಡುಕೊಂಡಳು. ನನಗೆ ಮೂರು ವಾರ ಹಿಡಿದಿತ್ತು. ಅವಳ ಡಬ್ಬಿಗೆ 280 ರೂಪಾಯಿ.